ಕಲಾಪಾತಾ ಶಾಲೆಯ ಊಟದ ಮೇಜು

ಬಸೀಲಿಯಾ ಯುಹ್ರಾ ಮುಖ್ಯೋಪಾಧ್ಯಾಯಿನಿಯ ಪರೀಕ್ಷೆಯಲ್ಲಿ ಪಾಸಾದ ಸುದ್ದಿ ಬಂದ ದಿನ ಕಲಾಪಾತಾದ ಗಾಳಿ ಅರ್ಧ ಗಂಟೆ ನಿಂತಿತ್ತು. ಇದು ಸಣ್ಣ ಸಂಗತಿಯಲ್ಲ. ನಮ್ಮ ಬಯಲಿನ ಗಾಳಿ ಎಂದರೆ, ಒಂದು ವರ್ಷ ಸಂತೆಯಿಂದ ಕುರಿಯೊಂದನ್ನು ಎತ್ತಿಕೊಂಡು ಹೋಗಿ ಸರೋವರದ ಆಚೆ ಪೆರು ದೇಶದಲ್ಲಿ ಇಳಿಸಿದ ಗಾಳಿ. ಅಲ್ಲಿನ ಪೊಲೀಸರು ಆ ಕುರಿಗೆ ಕಾಗದಪತ್ರ ಕೇಳಿದರು, ಅದು ತೋರಿಸಲಿಲ್ಲ, ಈಗಲೂ ಅಲ್ಲೇ ಇದೆ. ಅಂಥ ಗಾಳಿ ನಿಂತದ್ದರಿಂದ ಟೋಪಿ ಹಿಡಿದುಕೊಳ್ಳುವ ಕೆಲಸ ತಪ್ಪಿ ಊರವರ ಕೈಗಳು ಖಾಲಿಯಾದವು. ಖಾಲಿ ಕೈಯಲ್ಲಿ ಇನ್ನೇನು ಮಾಡುವುದೆಂದು ಎಲ್ಲರೂ ಚಪ್ಪಾಳೆ ತಟ್ಟಿದರು.

ಪರೀಕ್ಷೆ ನಡೆದದ್ದು ಲಾ ಪಾಸ್ ಪಟ್ಟಣದಲ್ಲಿ. ನೂರು ಪ್ರಶ್ನೆ, ನೂರೂ ಕಾಯಿದೆಯ ಮೇಲೆ. ಎಷ್ಟನೇ ಕಲಮಿನಲ್ಲಿ ಏನಿದೆ, ಯಾವ ಸುತ್ತೋಲೆ ಯಾವುದನ್ನು ರದ್ದು ಮಾಡಿತು, ರದ್ದಾದದ್ದನ್ನು ಮತ್ತೆ ಯಾವುದು ಎಬ್ಬಿಸಿತು. ಬಸೀಲಿಯಾ ಎಷ್ಟು ಗಟ್ಟಿಯಾಗಿ ಓದಿದ್ದಳೆಂದರೆ ಅವಳ ಮನೆಯಲ್ಲಿ ಉಣ್ಣೆಗೆಂದು ಸಾಕಿದ್ದ ಲಾಮಾಗಳಿಗೂ ಮೊದಲ ಹದಿನಾಲ್ಕು ಕಲಮು ಬಾಯಿಗೆ ಬಂದಿತ್ತು. ಅವಳಿಗೆ ತೊಂಬತ್ತೊಂದು ಅಂಕ. ಅವಳ ಜೊತೆ ಬಸ್ಸಿನಲ್ಲಿ ಹೋಗಿ ಪಕ್ಕದ ಬೆಂಚಿನಲ್ಲಿ ಕೂತು ಬರೆದ ಸತುರ್ನಿನಾ ವಾರಾಚಿಗೆ ಎಂಬತ್ತೆಂಟು. ಸತುರ್ನಿನಾ ನಾಲ್ಕನೇ ಕ್ಲಾಸಿನ ಮೇಡಂ, ಬಸೀಲಿಯಾ ಮೂರನೇ ಕ್ಲಾಸಿನವಳು. ನಡುವೆ ಮಣ್ಣಿಟ್ಟಿಗೆಯ ಒಂದೇ ಗೋಡೆ. ಹನ್ನೊಂದು ವರ್ಷ ಈ ಕಡೆ ಒಬ್ಬಳು ಸೀನಿದರೆ ಆ ಕಡೆ ಇನ್ನೊಬ್ಬಳು ಆಶೀರ್ವಾದ ಮಾಡುತ್ತಿದ್ದಳು. ಸತುರ್ನಿನಾ ಪರೀಕ್ಷೆ ಬರೆದದ್ದೇ ಜೊತೆಗೆಂದು. "ನೀನೊಬ್ಬಳೇ ಹೋಗಿ ಹೆದರಿ ಸತ್ತರೆ ಹೆಣ ತರೋಕೆ ಯಾರಾದ್ರೂ ಬೇಕಲ್ಲೇ" ಎಂದಿದ್ದಳು.

ಪಾಸಾದವರಿಗೆ ಮೂರು ದಿನದ ತರಬೇತಿ. ಆಗತಾನೇ ಹುಟ್ಟಿದ ಕುರಿಮರಿಯಷ್ಟು ತೂಕದ ಒಂದು ಫೋಲ್ಡರು ಕೊಟ್ಟರು. ಹಣೆಯ ಮೇಲೆ 'ನಾಯಕತ್ವ' ಎಂದು ಅಚ್ಚು ಹಾಕಿದ ಬಿಳಿ ಟೋಪಿ ಕೊಟ್ಟರು. ಪರದೆಯ ಮೇಲೆ ಹದ್ದಿನ ಚಿತ್ರ ತೋರಿಸಿ, ನಾಯಕನಾದವನು ಹೀಗೆ ಎತ್ತರದಿಂದ ನೋಡಬೇಕು ಎಂದರು. ನಾಲ್ಕು ಸಾವಿರ ಮೀಟರ್ ಎತ್ತರದಲ್ಲಿ ಹುಟ್ಟಿ ಬೆಳೆದವರಿಗೆ ಇನ್ನೂ ಎಷ್ಟು ಎತ್ತರ ಎಂದು ತಿಳಿಯಲಿಲ್ಲ. ಮೂರನೇ ದಿನ, ಗಣಿ ಕಡೆಯಿಂದ ಬಂದಿದ್ದ ಒಬ್ಬ ಮೇಷ್ಟ್ರು ಕೈಯೆತ್ತಿ ಕೇಳಿದರು: "ಸಾರ್, ಮೊದಲನೇ ದಿನ ಶಾಲೆಗೆ ಹೋಗಿ ಏನು ಮಾಡೋದು?" ಇಡೀ ಸಭಾಂಗಣ ಪೆನ್ನು ಹಿಡಿದು ಕಾಯಿತು. ತರಬೇತುದಾರರು "ಏಳನೇ ಅಧ್ಯಾಯ ನೋಡಿ" ಎಂದರು. ಎಲ್ಲರೂ ನೋಡಿದರು. ಏಳನೇ ಅಧ್ಯಾಯ ಜೆರಾಕ್ಸಿನಲ್ಲಿ ಬಿಳಿ ಬಂದಿತ್ತು.

ಫೋಲ್ಡರಿನ ಹಿಂದೆ ಸಹಾಯವಾಣಿಯ ನಂಬರಿತ್ತು. ಆ ನಂಬರಿಗೆ ಮಾಡಿದರೆ ಎತ್ತುತ್ತಿದ್ದುದು ಒಂದು ಬೇಕರಿಯವರು. ಪಾಪ, ಒಳ್ಳೆಯ ಜನ. ಎರಡನೇ ಸಲ ಮಾಡಿದಾಗ ಬಸೀಲಿಯಾ ಹೇಳಿದ್ದನ್ನೆಲ್ಲ ಪೂರ್ತಿ ಕೇಳಿಸಿಕೊಂಡು, ನಿಟ್ಟುಸಿರು ಬಿಟ್ಟು, ಬ್ರೆಡ್ಡು ಬೇಕಾ ಎಂದರು.

ಇನ್ನು ಅಧಿಕಾರ ಹಸ್ತಾಂತರ. ಇಪ್ಪತ್ತಾರು ವರ್ಷ ಮುಖ್ಯೋಪಾಧ್ಯಾಯರಾಗಿದ್ದ ದೋನ್ (ಹಿರಿಯರ ಹೆಸರಿಗೆ ನಾವು ಸೇರಿಸುವ ಗೌರವದ ಮಾತು) ಇಲಾರಿಯೋನ್ ಲಾರುತಾ ಫೆಬ್ರವರಿಯ ಮೊದಲ ಸೋಮವಾರ ಮೂವತ್ತೊಂದು ಕೀಲಿಗಳ ಗೊಂಚಲೊಂದನ್ನು ಅವಳ ಕೈಗಿಟ್ಟು, "ನೋಡ್ಕೊಳ್ಳಿ" ಎಂದು ಹೇಳಿ, ಸೈಕಲ್ ಹತ್ತಿ ಹೋದರು. ಅಷ್ಟೇ. ಅವರು ಕೆಮ್ಮಿದರೆ ಧ್ವಜ ತಾನಾಗಿ ಏರುತ್ತಿತ್ತು, ಅವರ ಹೆಜ್ಜೆ ಕೇಳಿದರೆ ಗೋಡೆಯ ಮೇಲಿನ ನಕ್ಷೆಯಲ್ಲಿ ನದಿಗಳು ಹರಿಯುವುದನ್ನು ನಿಲ್ಲಿಸುತ್ತಿದ್ದವು. ಅಂಥವರನ್ನು ಕರೆದು ಯಾವ ಕೀಲಿ ಯಾವ ಬೀಗಕ್ಕೆ ಎಂದು ಕೇಳುವ ಧೈರ್ಯ ಯಾರಿಗಿತ್ತು? ಮೂವತ್ತೊಂದರಲ್ಲಿ ಒಂಬತ್ತು ಮಾತ್ರ ಹೊಂದಿದವು. ಮಿಕ್ಕ ಇಪ್ಪತ್ತೆರಡನ್ನು ಅವಳು ಸುಮ್ಮನೆ ಹೊತ್ತು ತಿರುಗಿದಳು.

ಇವೆಲ್ಲವನ್ನೂ ಅವಳು ತಡೆದುಕೊಂಡಳು. ತಡೆದುಕೊಳ್ಳಲಾಗದೆ ಹೋದದ್ದು ಮಧ್ಯಾಹ್ನದ ಊಟ.

ಹನ್ನೆರಡರ ಗಂಟೆ ಹೊಡೆದ ಮೇಲೆ ಒಂಬತ್ತು ಜನ ಮೇಷ್ಟ್ರು ಮೇಡಂಗಳು ಶಾಲೆಯ ಹಿಂಗೋಡೆಯ ಬಿಸಿಲಿಗೆ ಹೋಗಿ ನೆಲದ ಮೇಲೆ ಕೂರುವುದು ನಮ್ಮಲ್ಲಿ ರೂಢಿ. ಬೆನ್ನಿಗೆ ಗಂಟು ಕಟ್ಟಿಕೊಳ್ಳುವ ಬಣ್ಣದ ಬಟ್ಟೆ ಅವಾಯೊ. ಅದನ್ನು ನಡುವೆ ಹಾಸಿ, ಮನೆಯಿಂದ ತಂದದ್ದನ್ನೆಲ್ಲ ಅದರ ಮೇಲೆ ಸುರಿಯುತ್ತಾರೆ. ಬೇಯಿಸಿದ ಆಲೂಗಡ್ಡೆ, ಹುರಿದ ಜೋಳ, ಗಿಣ್ಣು, ಕಿರುಬೆರಳಿಗಿಂತ ಚಿಕ್ಕದಾದ ಸರೋವರದ ಹುರಿದ ಮೀನು, ನಡುವೆ ಖಾರದ ಬಟ್ಟಲು. ಒಮ್ಮೆ ಸುರಿದ ಮೇಲೆ ಯಾರದು ಯಾವುದೂ ಅಲ್ಲ, ಎಲ್ಲ ಎಲ್ಲರದು. ಇದಕ್ಕೆ ಆಪ್ತಾಪಿ ಎನ್ನುತ್ತೇವೆ. ಆಪ್ತಾಪಿಯಲ್ಲಿ ಜಗಳವಾಡಿದವರು ಉಂಟು, ಮದುವೆ ನಿಶ್ಚಯವಾದವರು ಉಂಟು, ಹೊಟ್ಟೆ ಹಸಿದುಕೊಂಡು ಎದ್ದವರು ಮಾತ್ರ ಇಲ್ಲ.

ಬಸೀಲಿಯಾ ಪ್ರತಿದಿನ ತರುತ್ತಿದ್ದುದು ಚುನ್ಯೊ. ಚಳಿಗಾಲದಲ್ಲಿ ಆಲೂಗಡ್ಡೆಯನ್ನು ಹಿಮಕ್ಕೆ ಹೆಪ್ಪುಗಟ್ಟಿಸಿ, ತುಳಿದು ಒಣಗಿಸಿದರೆ ಆಗುವ ಕಪ್ಪು ಚುನ್ಯೊವನ್ನು ಹಿಂದಿನ ದಿನವೇ ನೀರಿಗೆ ಹಾಕಬೇಕು. ಬಸೀಲಿಯಾ ಮಕ್ಕಳ ನೋಟುಬುಕ್ಕು ತಿದ್ದುತ್ತಾ ಕೂತು ಮರೆಯುತ್ತಿದ್ದಳು, ಬೆಳಿಗ್ಗೆ ಎದ್ದು ಹಾಕುತ್ತಿದ್ದಳು. ಅವಳ ಚುನ್ಯೊದ ನಟ್ಟನಡುವೆ ಸದಾ ನೆನೆಯದ ಒಂದು ಕಲ್ಲು ಉಳಿದಿರುತ್ತಿತ್ತು. ಹನ್ನೊಂದು ವರ್ಷ ಸತುರ್ನಿನಾ ಪ್ರತಿ ಮಧ್ಯಾಹ್ನ ಅದನ್ನು ಎತ್ತಿ ಹಿಡಿದು ಬಿಸಿಲಿಗೆ ತೋರಿಸುತ್ತಿದ್ದಳು. "ಬಸೀಲಿಯಾ, ಇದು ಬೇಯಿಸಿದ್ದೋ, ಕೆತ್ತಿದ್ದೋ?" "ಲೇ, ಇದನ್ನ ಕವಣೆಗೆ ಹಾಕು, ನರಿ ಓಡಿಸ್ಬೋದು." "ನನ್ನ ಗಂಡ ಮನೆಗೆ ಪಾಯ ಹಾಕ್ಬೇಕು ಅಂತಿದ್ದಾನೆ, ನಾಳೆಯಿಂದ ಎರಡು ಮೂಟೆ ತಾ." ಒಂಬತ್ತೂ ಜನ ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ಬಸೀಲಿಯಾ ನಗುತ್ತಿದ್ದಳು, ಸರೋವರದ ಬಾತುಗಳು ಎದ್ದು ಹಾರುವಷ್ಟು.

ಮುಖ್ಯೋಪಾಧ್ಯಾಯಿನಿಯಾದ ಮೊದಲ ದಿನವೂ ಅವಳು ತನ್ನ ಗಂಟು ಎತ್ತಿಕೊಂಡು ಹಿಂಗೋಡೆಗೆ ಹೊರಟಳು. ಆಫೀಸಿನ ಬಾಗಿಲಲ್ಲೇ ಜವಾನ ಸೆನೋನ್ ತಡೆದ. ಸೆನೋನನಿಗೆ ಶಾಲೆಗಿಂತ ಎರಡು ವರ್ಷ ಹೆಚ್ಚು ವಯಸ್ಸು ಎನ್ನುತ್ತಾರೆ. ಅವನೇ ಬಂದು ನಿಂತ ಮೇಲೆ ಅವನ ಸುತ್ತ ಶಾಲೆ ಕಟ್ಟಿದರಂತೆ.

"ಎಲ್ಲಿಗೆ ಮೇಡಂ? ಊಟ ಇಲ್ಲಿಗೇ ಬರುತ್ತೆ."

ನೋಡುತ್ತಾಳೆ: ಕಿಟಕಿಯ ಪಕ್ಕ ಪುಟ್ಟ ಮೇಜು, ಅದರ ಮೇಲೆ ಅಂಚಿಗೆ ಹೂವು ಹೆಣೆದ ಬಿಳಿ ಬಟ್ಟೆ, ಒಂದು ಕುರ್ಚಿ, ಒಂದು ಪಿಂಗಾಣಿ ತಟ್ಟೆ, ಒಂದು ಫೋರ್ಕು. ದೋನ್ ಇಲಾರಿಯೋನ್ ಊಟ ಮಾಡುತ್ತಿದ್ದುದು ಅಲ್ಲೇ. ಸೆನೋನ್ ಅವಳ ಗಂಟನ್ನು ತೆಗೆದುಕೊಂಡು ಹೋಗಿ ಆಪ್ತಾಪಿಗೆ ಸುರಿದ. ಪ್ರತಿಯೊಬ್ಬರ ಮುಂದಿನಿಂದಲೂ ಒಂದೊಂದು ತುಣುಕು ಆರಿಸಿ ತಟ್ಟೆಗೆ ಜೋಡಿಸಿ, ಮೆರವಣಿಗೆಯಲ್ಲಿ ದೇವರನ್ನು ತರುವಂತೆ ತಂದಿಟ್ಟ. ಅತಿ ದೊಡ್ಡ ಮೀನು ಅವಳಿಗೇ. ಮುದುಕನ ಮುಖದಲ್ಲಿ ಎಷ್ಟು ಹೆಮ್ಮೆಯಿತ್ತೆಂದರೆ ಬೇಡವೆನ್ನಲು ಅವಳಿಗೆ ಬಾಯಿ ಬರಲಿಲ್ಲ. ಇವತ್ತೊಂದು ದಿನ ಎಂದುಕೊಂಡು ಕುರ್ಚಿಯ ಮೇಲೆ ಕೂತಳು.

ತಪ್ಪು ಆದದ್ದು ಅಲ್ಲೇ. ನಮ್ಮ ಕಲಾಪಾತಾದಲ್ಲಿ ಒಂದು ದಿನ ನಡೆದದ್ದು ಸಂಪ್ರದಾಯ, ಎರಡು ದಿನ ನಡೆದದ್ದು ಕಾನೂನು.

ಕಿಟಕಿಯಿಂದ ಆಪ್ತಾಪಿ ಕಾಣುತ್ತಿರಲಿಲ್ಲ, ಕೇಳಿಸುತ್ತಿತ್ತು. ಮಾತು ಬಿಡಿಯಾಗಿ ಬರುತ್ತಿರಲಿಲ್ಲ, ನಗು ಮಾತ್ರ ಬರುತ್ತಿತ್ತು. ಏನಕ್ಕೆ ನಕ್ಕರು? ಮೊದಲ ವಾರ ತನಗೂ ಹೇಳಲಿ ಎಂದು ಕಾದಳು. ಎರಡನೇ ವಾರ ತನ್ನ ಬಗ್ಗೆಯೇ ಇರಬಹುದೆ ಎನಿಸಿತು. ಮೂರನೇ ವಾರ ತನ್ನ ಬಗ್ಗೆ ಇರಲಾರದು ಎನಿಸಿ, ಅದು ಇನ್ನೂ ಕೆಟ್ಟದಾಗಿ ಚುಚ್ಚಿತು. ಆ ಮೇಜಿನ ಮೇಲೆ ಒಂದು ಆಲೂಗಡ್ಡೆಯನ್ನು ತಿಂದು ಮುಗಿಸಲು ನಲವತ್ತು ನಿಮಿಷ ಹಿಡಿಯುತ್ತಿತ್ತು. ಗಡಿಯಾರದ ಮುಳ್ಳುಗಳೂ ಬೇಸತ್ತು ಒಂದಕ್ಕೊಂದು ಒರಗಿ ನಿಲ್ಲುತ್ತಿದ್ದವು.

ಏಪ್ರಿಲಿನಲ್ಲಿ ಒಮ್ಮೆ ಧೈರ್ಯ ಮಾಡಿ ತಾನೇ ತಟ್ಟೆ ಹಿಡಿದು ಹಿಂಗೋಡೆಗೆ ಹೋದಳು. ಅವಳನ್ನು ಕಂಡದ್ದೇ ತಡ, ಒಂಬತ್ತು ಜನರೂ ಎದ್ದು ನಿಂತರು (ಮೂರನೇ ಕ್ಲಾಸಿಗೆ ಹೊಸಬಳೊಬ್ಬಳು ಬಂದಿದ್ದಳು). ಬಾಯಲ್ಲಿದ್ದದ್ದನ್ನು ನುಂಗಿದರು. ಬಿಳಿ ಮೇಲಂಗಿಗೆ ಕೈ ಒರೆಸಿಕೊಂಡರು. ಸೆನೋನ್ ಏದುಸಿರು ಬಿಡುತ್ತಾ ಕುರ್ಚಿ ಹೊತ್ತು ತಂದ. ಅವಳು ಕುರ್ಚಿಯ ಮೇಲೆ ಕೂತಳು, ಅವರು ನೆಲದ ಮೇಲೆ. ಅಲ್ಲಿಂದ ಅವಳಿಗೆ ಕಾಣಿಸಿದ್ದು ಒಂಬತ್ತು ಟೋಪಿಗಳ ನೆತ್ತಿ.

"ಇವತ್ತು ಗಾಳಿ ಜಾಸ್ತಿ" ಎಂದರು ಯಾರೋ.

"ಹೌದು. ಗಾಳಿ" ಎಂದರು ಇನ್ಯಾರೋ.

ಅವಳು ಒಂದು ಆಲೂಗಡ್ಡೆ ತಿಂದು, ಜಿಲ್ಲಾ ಕಚೇರಿಯಿಂದ ಫೋನು ಬರುವುದಿದೆ ಎಂದು ಸುಳ್ಳು ಹೇಳಿ ಎದ್ದಳು. ಸಂಜೆ ಗೇಟಿನ ಬಳಿ ಸತುರ್ನಿನಾ ಎದುರಾದಳು. ಹನ್ನೊಂದು ವರ್ಷ 'ಲೇ' ಎಂದವಳು ಎರಡು ಕೈ ಜೋಡಿಸಿಕೊಂಡು, "ಮೇಡಂ, ನಿಮ್ಮ ಚುನ್ಯೊ ಬಹಳ ಚೆನ್ನಾಗಿತ್ತು" ಎಂದಳು.

ಬಸೀಲಿಯಾ ಮನೆಗೆ ಹೋಗಿ ಮಿಕ್ಕಿದ್ದ ಚುನ್ಯೊ ತಿಂದು ನೋಡಿದಳು. ಒಳಗಿನ ಕಲ್ಲು ಹಾಗೇ ಇತ್ತು. ಆ ಸಂಜೆ ಅವಳು ಅತ್ತದ್ದಕ್ಕೆ ಸರೋವರದ ನೀರು ಒಂದು ಗೇಣು ಏರಿತು. ನಂಬದವರು ದಡದ ಮೀನುಗಾರರನ್ನು ಕೇಳಬಹುದು.

ಆಗಸ್ಟಿನಲ್ಲಿ ಪತ್ರ ಬರೆದಳು. ನಾಲ್ಕೇ ಸಾಲು: ಮುಖ್ಯೋಪಾಧ್ಯಾಯಿನಿಯ ಸ್ಥಾನದಿಂದ ಬಿಡುಗಡೆ ಮಾಡಿ, ಮೂರನೇ ಕ್ಲಾಸಿಗೆ ವಾಪಸು ಕಳಿಸಿ. ಜಿಲ್ಲಾ ಶಿಕ್ಷಣಾಧಿಕಾರಿ ದೋನ್ ಫೋರ್ತುನಾತೊಗೆ ಫೋನು ಮಾಡಿದಳು. ಅವರು ಶುಕ್ರವಾರ ತಪಾಸಣೆಗೆ ಬರುವುದಾಗಿಯೂ ಆಗಲೇ ಕೊಡಬಹುದೆಂದೂ ಹೇಳಿ, ಕೊನೆಯಲ್ಲಿ ಸೇರಿಸಿದರು: "ಅಧಿಕಾರ ವಹಿಸಿಕೊಂಡ ಪತ್ರ ಲಗತ್ತಿಸಿ ಮೇಡಂ. ಹತ್ತಿದ್ದಕ್ಕೆ ದಾಖಲೆ ಇಲ್ಲದೆ ಇಳಿಯೋಕೆ ಬರಲ್ಲ."

ಅಂಥ ಪತ್ರ ಇರಲಿಲ್ಲ. ಇದ್ದದ್ದು ಮೂವತ್ತೊಂದು ಕೀಲಿ. ಹಾಗಾಗಿ ಭಾನುವಾರ ಬೆಳಿಗ್ಗೆ, ಬರಿಗೈಯಲ್ಲಿ ಹೋಗಬಾರದೆಂದು ಒಂದಿಷ್ಟು ಚುನ್ಯೊ ಕಟ್ಟಿಕೊಂಡು, ದೋನ್ ಇಲಾರಿಯೋನರ ಸಹಿಗಾಗಿ ಸರೋವರದ ದಡಕ್ಕೆ ನಡೆದಳು. ಎರಡು ಗಂಟೆಯ ದಾರಿ. ಎದುರುಗಾಳಿಗೆ ಮೂರು ಹೆಜ್ಜೆ ಮುಂದಿಟ್ಟರೆ ಎರಡು ಹೆಜ್ಜೆ ಹಿಂದೆ. ಆ ಲೆಕ್ಕದಲ್ಲಿ ಅವಳು ಮೂರು ಜಿಲ್ಲೆ ದಾಟಿದಂತಾಯಿತು.

ದೋನ್ ಇಲಾರಿಯೋನ್ ಅಂಗಳದಲ್ಲಿ ಕಾಲು ಮಡಚಿ ನೆಲದ ಮೇಲೆ ಕೂತು ಅವರೆಯಂಥ ದಪ್ಪ ಕಾಳು ಬಿಡಿಸುತ್ತಿದ್ದರು. ಸೊಸೆಯಂದಿರು, ಮೊಮ್ಮಕ್ಕಳು, ಎರಡು ಕತ್ತೆ, ಎಲ್ಲ ಸೇರಿ ಮನೆ ತುಂಬ ಗದ್ದಲ. ಅದರ ನಡುವೆ ಅವರು ಯಾರದೋ ಮನೆಗೆ ಬಂದವರಂತೆ ಸುಮ್ಮನೆ ಕೂತಿದ್ದರು. ಅವಳನ್ನು ಕಂಡು ಕೆಮ್ಮಿದರು. ಯಾವ ಧ್ವಜವೂ ಏರಲಿಲ್ಲ.

"ದೋನ್ ಇಲಾರಿಯೋನ್, ಒಂದು ಸಹಿ ಬೇಕಿತ್ತು."

ಅವರು ಪತ್ರ ಓದಿದರು. "ಮೂರನೇ ಕ್ಲಾಸಿಗೆ ವಾಪಸ್ಸಾ?"

"ಹೂಂ."

"ಪುಣ್ಯವಂತೆ. ನಾನೂ ಕೇಳಿದ್ರೆ ಕೊಡ್ತಿದ್ರೋ ಏನೋ. ಕೇಳೋಕೆ ನಾಚಿಕೆ ಆಯ್ತು." ಗಂಟು ಬಿಚ್ಚಿ ಒಂದು ಚುನ್ಯೊ ಬಾಯಿಗೆ ಹಾಕಿಕೊಂಡರು. ಕಚ್ಚಿದರು. ಕಣ್ಣು ಮುಚ್ಚಿದರು. "ಅದೇ" ಎಂದರು.

"ಏನು?"

"ಅದೇ ಕಲ್ಲು. ಹನ್ನೊಂದು ವರ್ಷ ಪ್ರತಿ ಮಧ್ಯಾಹ್ನ ಸೆನೋನ್ ನನ್ನ ತಟ್ಟೆಗೆ ಇದನ್ನ ಇಡ್ತಿದ್ದ. ಯಾರಮ್ಮಾ ತಾಯಿ ಈ ಚುನ್ಯೊ ಮಾಡೋಳು, ಇವಳ ಮನೇಲಿ ನೀರಿಲ್ವಾ ಅಂತ ಕೇಳ್ಬೇಕು ಅನ್ಸೋದು. ಯಾರನ್ನ ಕೇಳೋದು? ಕಿಟಕೀನ ಕೇಳ್ಲಾ? ಈ ದವಡೆ ಹಲ್ಲು ನೋಡಿ, ಇಲ್ಲಿ. ಇಲ್ಲ ಅಲ್ವಾ? ನಿಮ್ಮದೇ ಕೆಲಸ."

ಬಸೀಲಿಯಾಗೆ ನಗು ಬಂತು. ಆರು ತಿಂಗಳಿಂದ ಕಟ್ಟಿಕೊಂಡಿದ್ದು ಒಮ್ಮೆಲೇ ಬಂತು. ಕತ್ತೆಗಳು ಕಿವಿ ನಿಮಿರಿಸಿದವು. ನಗುತ್ತಾ ನಗುತ್ತಾ ಅದು ಅಳುವಾಯಿತು. ಮುದುಕರು ನೋಡದವರಂತೆ ಕಾಳು ಬಿಡಿಸಿದರು.

"ಹೇಗೆ ಇದ್ರಿ ನೀವು? ಇಪ್ಪತ್ತಾರು ವರ್ಷ, ಆ ಮೇಜಿನ ಮುಂದೆ?"

"ಆ ಮೇಜು..." ಅವರು ತಮ್ಮ ಬಲ ಮೊಣಕಾಲನ್ನು ಒಮ್ಮೆ ತಟ್ಟಿದರು. "ನಾನು ಬಂದ ಮೊದಲನೇ ವಾರ ಸೈಕಲ್ಲಿಂದ ಬಿದ್ದೆ. ಈ ಮಂಡಿ ಬಾತುಕೊಂಡು ಕುಂಬಳಕಾಯಿ ಆಯ್ತು. ನೆಲಕ್ಕೆ ಕೂರೋಕೆ ಆಗ್ತಿರಲಿಲ್ಲ. ಪಾಪ ಸೆನೋನ್ ಒಂದು ಮೇಜು ಹಾಕಿದ, ಕುರ್ಚಿ ಹಾಕಿದ. ಅವನ ಹೆಂಡತಿ ಬಟ್ಟೆಗೆ ಹೂವು ಹೆಣೆದು ಕೊಟ್ಟಳು."

"ಆಮೇಲೆ?"

"ಆಮೇಲೆ ಏನು, ಮೂರು ವಾರಕ್ಕೆ ವಾಸಿ ಆಯ್ತು."

"ಮತ್ತೆ ಮೇಜು?"

"ಯಾರೂ ತೆಗೀ ಅನ್ಲಿಲ್ಲ, ಅವನು ತೆಗೀಲಿಲ್ಲ" ಎಂದರು ದೋನ್ ಇಲಾರಿಯೋನ್. "ಇವರಿಗೆ ನಾನು ಜೊತೇಲಿ ಬೇಡ, ಅದಕ್ಕೇ ಕರೀತಿಲ್ಲ ಅಂದ್ಕೊಂಡೆ ನಾನು. ಇವರಿಗೆ ನಮ್ಮ ಜೊತೆ ಕೂರೋದು ಕಮ್ಮಿ ಅನ್ಸುತ್ತೆ ಅಂದ್ಕೊಂಡ್ರು ಅವರು. ಒಂದು ಸಲ ಎದ್ದು ಹೋಗಿದ್ರೆ ಆಗ್ತಿತ್ತು. ಹೇಗೆ ಹೋಗೋದು, ಏನಂತ ಹೇಳೋದು? ಕುರ್ಚಿ ಕೇಳೋದು ಸುಲಭ ಮೇಡಂ, ನೆಲ ಕೇಳೋದು ಕಷ್ಟ. ನನಗೆ ಯಾರೂ ಹೇಳಿಕೊಡ್ಲಿಲ್ಲ. ನನಗಿಂತ ಮುಂಚೆ ಇದ್ದವನು ಕೀಲಿ ಗೊಂಚಲನ್ನ ಗೋಡೆ ಮೇಲಿಂದ ಎಸೆದು ಬಸ್ಸು ಹತ್ತಿದ. ಅದಕ್ಕೇ ನಾನು ನಿಮಗೆ ಕೈಗೇ ಕೊಟ್ಟೆ. ಅಷ್ಟು ಸುಧಾರಣೆ ಮಾಡಿದೀನಿ."

ಆಮೇಲೆ ಅವರು ಮಾತಾಡಿದರು. ಅಂಥ ಮಾತು ಈ ಬಯಲು ಹಿಂದೆ ಕೇಳಿಲ್ಲ. ಹನ್ನೊಂದನೇ ಕೀಲಿ ಇಪ್ಪತ್ತು ವರ್ಷದ ಹಿಂದೆ ಬಿದ್ದುಹೋದ ಕೋಣೆಯದು, ಎಸೆಯಿರಿ. ಪೋಷಕರ ಸಮಿತಿಯ ಅಧ್ಯಕ್ಷ ಕೂಗಾಡಿದರೆ ಮೊದಲು ಅವನ ಗೂಳಿಯ ಆರೋಗ್ಯ ಕೇಳಿ, ತಣ್ಣಗಾಗುತ್ತಾನೆ. ಐದನೇ ಕ್ಲಾಸಿನ ಮೇಷ್ಟ್ರು ಸೋಮವಾರ ತಡವಾಗಿ ಬರುವುದು ಕುಡಿದಲ್ಲ, ತಾಯಿಯನ್ನು ಆಸ್ಪತ್ರೆಗೆ ಹೊತ್ತು ಹೋಗಿ ಬರುತ್ತಾನೆ, ಬೈಯಬೇಡಿ. ಬಿತ್ತನೆಯ ತಿಂಗಳಲ್ಲಿ ಪರೀಕ್ಷೆ ಇಟ್ಟರೆ ಬೆಂಚುಗಳಷ್ಟೇ ಬರೆಯುತ್ತವೆ. ಬೆಳಿಗ್ಗೆ ಶುರುಮಾಡಿದವರು ಸೂರ್ಯ ಸರೋವರಕ್ಕೆ ಇಳಿಯುವವರೆಗೂ ನಿಲ್ಲಿಸಲಿಲ್ಲ. ಬಸೀಲಿಯಾಳ ಪೆನ್ನು ಎರಡು ಸಲ ಮುಗಿಯಿತು, ಮೂರನೆಯದು ಶರಣಾಯಿತು. ಕುರಿಮರಿ ತೂಕದ ಆ ಫೋಲ್ಡರಿನಲ್ಲಿ ಇದರ ಒಂದು ಸಾಲೂ ಇರಲಿಲ್ಲ.

ಹೊರಡುವಾಗ ಅವರು ಹಸ್ತಾಂತರದ ಕಾಗದಕ್ಕೆ ಸಹಿ ಹಾಕಿಕೊಟ್ಟರು. ಹೋಗಬೇಡ ಎನ್ನಲಿಲ್ಲ. "ಹೋಗಿ, ನೆಲಕ್ಕೆ ಕೂತ್ಕೊಳ್ಳಿ. ಇಬ್ಬರಲ್ಲಿ ಒಬ್ಬರಾದರೂ" ಎಂದಷ್ಟೇ ಹೇಳಿದರು.

ಶುಕ್ರವಾರ ದೋನ್ ಫೋರ್ತುನಾತೊ ಧೂಳಿನ ಮೋಡವೊಂದನ್ನು ಎಳೆದುಕೊಂಡು ಜೀಪಿನಲ್ಲಿ ಬಂದರು. ಆಫೀಸಿನಲ್ಲಿ ಕೂತು ಫಾರಂ ತೆರೆದರು.

"ಆಯ್ಕೆ ಪ್ರಕ್ರಿಯೆ, ಪೂರ್ಣ. ತರಬೇತಿ, ಪೂರ್ಣ. ಇನ್ನು ಬೆಂಬಲ. ಫೋಲ್ಡರು ತಲುಪಿದೆಯಾ?"

"ತಲುಪಿದೆ."

"ಟೋಪಿ?"

"ತಲುಪಿದೆ. ಗಾಳಿಗೆ ಹೋಯ್ತು."

"ತಲುಪಿದೆ ಅಂತ ಹಾಕ್ತೀನಿ. ಸಹಾಯವಾಣಿ ಹೇಗಿದೆ?"

"ಬ್ರೆಡ್ಡು ಚೆನ್ನಾಗಿರುತ್ತಂತೆ."

ದೋನ್ ಫೋರ್ತುನಾತೊ ಅದಕ್ಕೂ ಸರಿ ಗುರುತು ಹಾಕಿದರು. ಆಮೇಲೆ ಪೆನ್ನು ಕೆಳಗಿಟ್ಟು, "ಕೊಡಿ ಮೇಡಂ, ಪತ್ರ" ಎಂದರು.

ಪತ್ರ ಅವಳ ಮೇಲಂಗಿಯ ಜೇಬಿನಲ್ಲೇ ಇತ್ತು, ಇಲಾರಿಯೋನರ ಸಹಿಯ ಜೊತೆ. ಅವಳು ಕೈ ಹಾಕಿದಳು. "ನಾನು ಬಿಟ್ಟರೆ ಯಾರು ಬರ್ತಾರೆ ಸಾರ್?"

"ಅದರ ಚಿಂತೆ ನಿಮಗ್ಯಾಕೆ, ಪಟ್ಟಿ ಇದೆಯಲ್ಲ." ಬೆರಳು ಪಟ್ಟಿಯ ಮೇಲೆ ಇಳಿಯಿತು. "ಮುಂದಿನ ಹೆಸರು... ಎಂಬತ್ತೆಂಟು ಅಂಕ. ಸತುರ್ನಿನಾ ವಾರಾಚಿ. ಇಲ್ಲೇ ಇದ್ದಾರಲ್ಲ, ಇನ್ನೂ ಒಳ್ಳೇದು. ಸೋಮವಾರದಿಂದಲೇ."

"ಅವಳು ಒಪ್ಪದಿದ್ರೆ?"

"ಪರೀಕ್ಷೆ ಬರೆದ ಮೇಲೆ ಒಪ್ಪಿದ ಹಾಗೇ."

ಹನ್ನೆರಡರ ಗಂಟೆ ಹೊಡೆಯಿತು. ಸ್ವಲ್ಪ ಹೊತ್ತಿನಲ್ಲೇ ಹಿಂಗೋಡೆಯ ಕಡೆಯಿಂದ ನಗು ಕೇಳಿಸಿತು. ಅದರಲ್ಲಿ ಸತುರ್ನಿನಾಳ ನಗು ಬೇರೆಯಾಗಿ ಗೊತ್ತಾಗುತ್ತಿತ್ತು, ತಗಡಿನ ಮೇಲೆ ಜೋಳ ಸುರಿದಂತೆ. ಬಸೀಲಿಯಾ ಈ ಮೇಜಿನ ಮುಂದೆ ಸತುರ್ನಿನಾಳನ್ನು ಕೂರಿಸಿ ನೋಡಿದಳು. ಆರು ತಿಂಗಳಿಗೆ ಆ ನಗು ಹೋಗುತ್ತದೆ. ತಾನು ಅತ್ತ ನೆಲದ ಮೇಲೆ ಸುಖವಾಗಿ ಕೂತಿರುತ್ತೇನೆ. ಎಂದಾದರೊಂದು ದಿನ ಸತುರ್ನಿನಾ ತಟ್ಟೆ ಹಿಡಿದು ಬರುತ್ತಾಳೆ. ಆಗ ತಾನು ಎದ್ದು ನಿಂತು, ಮೇಲಂಗಿಗೆ ಕೈ ಒರೆಸಿಕೊಂಡು, ಇವತ್ತು ಗಾಳಿ ಜಾಸ್ತಿ ಮೇಡಂ, ಎನ್ನುತ್ತೇನೆ.

ಅವಳು ಜೇಬಿನಿಂದ ಬರಿಗೈ ತೆಗೆದಳು.

"ಇತರೆ ಅಂತ ಒಂದು ಜಾಗ ಇದೆಯಲ್ಲ ಸಾರ್ ಫಾರಮಿನಲ್ಲಿ? ಬರ್ಕೊಳ್ಳಿ. ಹೊಸದಾಗಿ ಬಂದವರ ಜೊತೆ ಹಳಬರು ಒಂದು ವರ್ಷ ಕೂತು ಊಟ ಮಾಡ್ಬೇಕು."

"ಊಟ ಅಂತ ಬರೆದ್ರೆ ಮೇಲಿನವರು ಇದನ್ನ ಅಡುಗೆ ವಿಭಾಗಕ್ಕೆ ಕಳಿಸ್ತಾರೆ ಮೇಡಂ."

"ಹಾಗಾದ್ರೆ ಮಾತಾಡ್ಬೇಕು ಅಂತ ಬರೀರಿ. ದೋನ್ ಇಲಾರಿಯೋನ್ ಬರೋಕೆ ತಯಾರಿದ್ದಾರೆ. ಬರಬೇಡಿ ಅಂದ್ರೂ ಬರ್ತಾರೆ ಈಗ."

ಇತರೆಯ ಜಾಗ ಎರಡು ಬೆರಳಷ್ಟಿತ್ತು. ಅವರು ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಬರೆದುಕೊಂಡರು. ಬರೆದು, ಬಿಳಿ ಬಟ್ಟೆಯ ಹೂವುಗಳನ್ನು ಸ್ವಲ್ಪ ಹೊತ್ತು ನೋಡಿದರು. "ನೀವು ಇಲ್ಲಿ... ಒಬ್ಬರೇ ಊಟ ಮಾಡೋದಾ?"

"ನೀವು ಸಾರ್?"

"ನನ್ನ ಆಫೀಸಿನ ಮೇಜು ಇದಕ್ಕಿಂತ ದೊಡ್ಡದು" ಎಂದರು ದೋನ್ ಫೋರ್ತುನಾತೊ.

ಸೆನೋನ್ ಇನ್ನೊಂದು ಕುರ್ಚಿ ಹೊತ್ತು ಬಾಗಿಲಲ್ಲಿ ನಿಂತಿದ್ದ. ಬಸೀಲಿಯಾ ತನ್ನ ಗಂಟು ಕೈಗೆತ್ತಿಕೊಂಡಳು.

"ದೋನ್ ಸೆನೋನ್, ದೋನ್ ಇಲಾರಿಯೋನ್ ಅವರ ಮಂಡಿ ವಾಸಿ ಆಯ್ತಂತೆ."

"ಹೌದಾ! ದೇವರು ದೊಡ್ಡವನು. ಯಾವಾಗ?"

"ಇಪ್ಪತ್ತಾರು ವರ್ಷ ಆಯ್ತು."

ಮುದುಕ ಕುರ್ಚಿ ಹಿಡಿದುಕೊಂಡೇ ಯೋಚಿಸಿದ. "ನನಗೆ ಯಾರೂ ಹೇಳ್ಲೇ ಇಲ್ಲವಲ್ಲ ಮೇಡಂ" ಎಂದ.

ಹಿಂಗೋಡೆಯ ಬಿಸಿಲಿಗೆ ಅವಳು ಬಂದಾಗ ಒಂಬತ್ತು ಜನರೂ ಎದ್ದು ನಿಂತರು. ಅವಳು ನಿಲ್ಲಲಿಲ್ಲ. ನೇರವಾಗಿ ಹೋಗಿ ಸತುರ್ನಿನಾಳ ಪಕ್ಕದ ಖಾಲಿ ಜಾಗದಲ್ಲಿ ನೆಲಕ್ಕೆ ಕೂತಳು, ಗಂಟು ಬಿಚ್ಚಿ ಚುನ್ಯೊವನ್ನು ಅವಾಯೊದ ನಡುವೆ ಸುರಿದಳು, ಒಂದು ಆಲೂಗಡ್ಡೆ ತೆಗೆದುಕೊಂಡು ಸಿಪ್ಪೆ ಸುಲಿಯತೊಡಗಿದಳು. ಒಂಬತ್ತು ಜೊತೆ ಬೂಟುಗಳು ಅವಳ ಸುತ್ತ ನಿಂತೇ ಇದ್ದವು. ಅವಳು ಆ ಆಲೂಗಡ್ಡೆಯನ್ನು ಎಷ್ಟು ಹೊತ್ತು ಸುಲಿದಳೆಂದರೆ ಅಷ್ಟರಲ್ಲಿ ಇನ್ನೊಂದು ಬೆಳೆ ಬರಬಹುದಿತ್ತು. ಯಾರೋ ಕೂತರು. ಇನ್ನೊಬ್ಬರು ಕೂತರು. ಕೊನೆಗೆ ಸತುರ್ನಿನಾಳ ಲಂಗ ಅವಳ ಮೊಣಕೈಗೆ ತಗುಲಿತು.

ಗಾಳಿ ಜಾಸ್ತಿ ಎಂದೂ ಯಾರೂ ಅನ್ನಲಿಲ್ಲ. ಕುರ್ಚಿಯ ಮೇಲೆ ಕೂತಾಗ ಟೋಪಿಯ ನೆತ್ತಿ ಕಾಣುತ್ತಿತ್ತು. ಈಗ ಮುಖಗಳು ಕಾಣುತ್ತಿದ್ದವು, ಎಲ್ಲವೂ ಬೇರೆ ಬೇರೆ ಕಡೆ ತಿರುಗಿದ್ದವು. ಒಂಬತ್ತು ಜನರ ನಡುವೆ ಕೂತು ಅವಳಿಗೆ ಕಿಟಕಿಯ ಪಕ್ಕಕ್ಕಿಂತ ಹೆಚ್ಚು ಒಂಟಿಯೆನಿಸಿತು. ಜೇಬಿನಲ್ಲಿ ಪತ್ರ ಸರಪರ ಎಂದಿತು. ನಾಳೆಯೂ ಬಂದು ಕೂರಬೇಕು, ನಾಡಿದ್ದೂ, ಎಷ್ಟು ದಿನವೋ ಎಂದುಕೊಂಡಳು.

ಸೆನೋನ್ ಪಿಂಗಾಣಿ ತಟ್ಟೆ ಹಿಡಿದು ಬಂದ. ಆಫೀಸಿನಲ್ಲಿ ಕೂತಿದ್ದ ಶಿಕ್ಷಣಾಧಿಕಾರಿಗೆ ಊಟ ಹೋಗಬೇಕಲ್ಲ. ಪ್ರತಿಯೊಬ್ಬರ ಮುಂದಿನಿಂದಲೂ ಒಂದೊಂದು ಆರಿಸುತ್ತಾ ಬಂದು, ಬಸೀಲಿಯಾಳ ಚುನ್ಯೊಗೆ ಕೈ ಹಾಕಿದ.

"ದೋನ್ ಸೆನೋನ್" ಎಂದಳು ಸತುರ್ನಿನಾ. ಬಸೀಲಿಯಾಳ ಕಡೆ ತಿರುಗಲಿಲ್ಲ, ಮೀನಿನ ಮುಳ್ಳು ತೆಗೆಯುತ್ತಲೇ ಹೇಳಿದಳು. "ಅದನ್ನ ಅವರ ತಟ್ಟೆಗೆ ಹಾಕ್ಬೇಡಿ. ಹಲ್ಲು ಮುರಿದ್ರೆ ಸರ್ಕಾರ ವಿಚಾರಣೆ ಮಾಡುತ್ತೆ."

ಯಾರೂ ನಗಲಿಲ್ಲ. ನಗಬಹುದೋ ಇಲ್ಲವೋ ಎಂದು ಎಂಟು ಜನ ಬಾಯಲ್ಲಿ ತುತ್ತು ಹಿಡಿದುಕೊಂಡು ಕಾದರು. ಸೆನೋನನ ಕೈ ಗಾಳಿಯಲ್ಲೇ ನಿಂತಿತು. ಸತುರ್ನಿನಾ ಮುಳ್ಳು ತೆಗೆದಾದ ಮೇಲೂ ಅದೇ ಮೀನನ್ನು ನೋಡುತ್ತಿದ್ದಳು. ಅವಳ ಕಿವಿ ಕೆಂಪಾಗಿತ್ತು.

ಬಸೀಲಿಯಾ ಅವಾಯೊದಿಂದ ಎಲ್ಲಕ್ಕಿಂತ ದಪ್ಪನೆಯ ಚುನ್ಯೊ ಆರಿಸಿ, ದವಡೆಗೆ ಇಟ್ಟುಕೊಂಡು, ಬಲವಾಗಿ ಕಚ್ಚಿದಳು. ಕಟಕ್ ಎಂದು ಸದ್ದಾಯಿತು. ಸರೋವರದ ಆಚೆ ಪೆರು ದೇಶದಲ್ಲಿ ಆ ಕುರಿ ತಲೆಯೆತ್ತಿ ನಮ್ಮ ಕಡೆ ನೋಡಿತು.